ಒದ್ದೆ ಕೂದಲಿಗೆ ಜಡೆ ಹಾಕಿಸುವವರಿಗೆ

ಮೊದಲೇ ಹೇಳಿಬಿಡ್ತೇನೆ, ಇದು ಎಣ್ಣೆ ಕಾಯಿಸುವ ಕ್ರಮ ಅಲ್ಲ. ಕರಿಬೇವು ಎಷ್ಟು, ಮೆಂತೆ ಎಷ್ಟು, ದಾಸವಾಳ ಬಿಳಿಯದ್ದಾ ಕೆಂಪಿನದ್ದಾ ಅಂತ ನೋಡ್ಲಿಕ್ಕೆ ಬಂದವರು ಸ್ವಲ್ಪ ತಾಳ್ಮೆ ತಂದುಕೊಳ್ಳಿ. ಶಾಲೆ ಶುರುವಾದ ಮೇಲೆ ನಾಲ್ಕೈದು ಜನ ಕೇಳಿದ್ರು, "ಮಗಳ ಕೂದಲು ತುಂಡು ತುಂಡಾಗಿ ಬರ್ತದೆ ಮಾರಾಯ್ತಿ, ಯಾವ ಎಣ್ಣೆ ಹಾಕುವುದು?" ಅಂತ. ಕಾರ್ಕಳದಿಂದ ದೊಡ್ಡಮ್ಮನ ಸೊಸೆ ಕೇಳಿದ್ಲು, ಮಣಿಪಾಲದಿಂದ ನಾದಿನಿ ಕೇಳಿದ್ಲು, ಇಲ್ಲಿ ಕಾಪುವಿನಲ್ಲಿ ನೆರೆಕರೆಯವರೂ ಕೇಳಿದ್ರು. ಎಲ್ಲರಿಗೂ ನಾನು ತಿರುಗಿ ಕೇಳಿದ್ದು ಒಂದೇ. ಎಣ್ಣೆಯ ಮಾತು ಆಮೇಲೆ. ಬೆಳಿಗ್ಗೆ ಕೂದಲು ಒಣಗಿದ ಮೇಲೆ ಜಡೆ ಹಾಕ್ತೀರಾ, ಒದ್ದೆ ಇರುವಾಗಲೇ ಹಾಕ್ತೀರಾ?

ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ, "ಒಣಗಿಸ್ಲಿಕ್ಕೆ ಎಲ್ಲಿ ಪುರ್ಸೊತ್ತುಂಟು?" ಅಂತ.

ಅದೇ. ಎಣ್ಣೆಗೆ ದುಡ್ಡುಂಟು, ಕ್ಯಾಪ್ಸೂಲಿಗೆ ದುಡ್ಡುಂಟು, ಪಾರ್ಲರಿಗೆ ಸಾವಿರಗಟ್ಟಲೆ ಉಂಟು. ಮಂಡೆ ಒಣಗಿಸುವ ಅರ್ಧ ಗಂಟೆ ಮಾತ್ರ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಇಲ್ಲ. ನನ್ನ ಜಗಳ ಇದರ ಬಗ್ಗೆ.

ನಮ್ಮಲ್ಲಿ ಎಲ್ಲದಕ್ಕೂ "ಕೂದಲು ಉದುರ್ತದೆ" ಅಂತ ಒಂದೇ ಮಾತು. ಉದುರುವುದು ಬೇರೆ, ತುಂಡಾಗುವುದು ಬೇರೆ. ಬಾಚಣಿಗೆಯಲ್ಲಿ ಸಿಕ್ಕಿದ್ದನ್ನು ಬಿಸಾಡುವ ಮೊದಲು ಕಿಟಕಿಯ ಹತ್ರ ಹಿಡಿದು ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತಲೂ ಸಣ್ಣ ಬಿಳಿ ಗುಂಡು ಇದ್ದರೆ ಅದು ಬುಡದಿಂದಲೇ ಬಂದದ್ದು, ಆಯುಷ್ಯ ಮುಗಿದು ಉದುರಿದ್ದು. ದಿನಕ್ಕೆ 50ರಿಂದ 100 ಕೂದಲು ಹಾಗೆ ಹೋಗುವುದು ಸಾಮಾನ್ಯ. ಮಂಡೆಯಲ್ಲಿ ಇರುವುದು ಸುಮಾರು 1 ಲಕ್ಷ. ಗುಂಡಿಲ್ಲ, ಉದ್ದವೂ ಗಿಡ್ಡ, ತುದಿ ಹಿಡಿಸೂಡಿಯ ಹಾಗೆ ಕವಲೊಡೆದಿದೆ ಅಂತಾದ್ರೆ ಅದು ನಡುವಿನಲ್ಲಿ ತುಂಡಾದದ್ದು. ಬುಡಕ್ಕೆ ಎಂತದೂ ಆಗಿಲ್ಲ, ಅದು ಬೆಳೀತಾ ಉಂಟು. ಬೆಳೆದದ್ದು ಉಳಿಯುವುದಿಲ್ಲ, ಅಷ್ಟೇ.

ಕೆಲವು ಮಕ್ಕಳ ಕೂದಲಲ್ಲಿ ಬಿಳಿ ಬಿಳಿ ಚುಕ್ಕೆ ಕಾಣ್ತದೆ. ಸೀರು ಅಂತ ಹೇಳಿ ಅಜ್ಜಿಯಂದಿರು ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಜೋರು ಎಳೀತಾರೆ. ಎಲ್ಲವೂ ಸೀರಲ್ಲ. ಹೊರಗಿನ ಸಿಪ್ಪೆ ಹೋಗಿ, ಒಳಗಿನ ನಾರು ಬಿಚ್ಚಿಕೊಂಡು, ಎರಡು ಕುಂಚವನ್ನು ಒಂದಕ್ಕೊಂದು ಒತ್ತಿ ಹಿಡಿದ ಹಾಗೆ ಆದ ಜಾಗವೂ ಬಿಳಿ ಚುಕ್ಕೆಯಾಗಿಯೇ ಕಾಣುವುದು. ಎಳೆದರೆ ಅಲ್ಲೇ ತುಂಡು. ಸೀರು ಅಂತ ತೆಗೆಯುವುದು, ತೆಗೆದದ್ದಕ್ಕೆ ಇನ್ನೂ ನಾಲ್ಕು ತುಂಡಾಗುವುದು.

ಕೂದಲಿನ ಹೊರಗಡೆ ಹುರುಪೆ ಹುರುಪೆಯಾಗಿ ಒಂದು ಕವಚ ಉಂಟು. ನಮ್ಮ ಹಳೇ ಮನೆಗಳ ಹಂಚಿನ ಮಾಡನ್ನು ನೆನಪು ಮಾಡಿಕೊಳ್ಳಿ, ಬುಡ ಅಂದರೆ ಮಾಡಿನ ನೆತ್ತಿ, ತುದಿ ಅಂದರೆ ಇಳಿಜಾರಿನ ಕೊನೆ, ಒಂದರ ಮೇಲೊಂದು ಹೊದೆಸಿದ ಹಾಗೆ. ಹಂಚು ಸರಿ ಕೂತಿದ್ದರೆ ಒಳಗೆ ನೀರಿಲ್ಲ. ಕೂದಲು ನೀರಿನಲ್ಲಿ ನೆನೆದಾಗ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ನೀರು ಕುಡಿದು ಉಬ್ಬುತ್ತದೆ, ಹಂಚುಗಳ ಅಂಚು ಏಳ್ತದೆ. ಒಳಗಿನ ನಾರನ್ನು ಹಿಡಿದುಕೊಂಡ ಕೊಂಡಿಗಳಲ್ಲಿ ಒಂದು ಬಗೆಯದ್ದು ನೀರು ತಾಗಿದ ಕೂಡಲೇ ಬಿಟ್ಟುಕೊಳ್ತದೆ, ಒಣಗುವಾಗ ಮತ್ತೆ ಕೂಡಿಕೊಳ್ತದೆ. ಹಾಗಾಗಿ ಒದ್ದೆ ಕೂದಲು ರಬ್ಬರಿನ ಹಾಗೆ ಎಳೆದಷ್ಟು ಬರುವುದು. ಹೆಚ್ಚು ಎಳೆದರೆ ವಾಪಸು ಹೋಗುವುದಿಲ್ಲ, ಅಲ್ಲೇ ಸಪೂರವಾಗ್ತದೆ, ಇನ್ನೊಂದು ದಿನ ಅಲ್ಲೇ ತುಂಡಾಗ್ತದೆ.

ಇದು ಎಲ್ಲರ ಕೂದಲಿಗೂ ಒಂದೇ ಕಾಯಿದೆ. ನೀರು ಸರಿ ಇಲ್ಲ ಅಂತ ಹೇಳುವವರು ಬಹಳ ಜನ. ಕಾಪು ಕಡಲ ಕರೆಯಲ್ಲಿ ಎಪ್ರಿಲ್ ಮೇ ಬಂತೆಂದರೆ ಬಾವಿ ನೀರು ಉಪ್ಪಾಗ್ತದೆ, ಬೋರ್‌ವೆಲ್ ನೀರಿನಲ್ಲಿ ಕೆಂಪು ಕಿಲುಬು, ಎಲ್ಲಾ ಹೌದು. ಆದರೆ ಒಂದೇ ಬಾವಿಯ ನೀರಿನಲ್ಲಿ ಮೀಯುವ ನಮ್ಮ ಅತ್ತೆಯ ಜಡೆ ಎಪ್ಪತ್ತರ ಮೇಲೂ ಸೊಂಟಕ್ಕೆ ಬರ್ತದೆ, ಮೊಮ್ಮಗಳದ್ದು ಭುಜ ದಾಟುವುದಿಲ್ಲ. ಬಾವಿ ಒಂದೇ. ಬೆಳಗ್ಗಿನ ಗಡಿಬಿಡಿ ಇಬ್ಬರದ್ದೂ ಒಂದೇ ಅಲ್ಲ.

ಇನ್ನು ಒಂದು ಲೆಕ್ಕ ನೋಡಿ. ಕೂದಲು ತಿಂಗಳಿಗೆ ಒಂದು, ಒಂದೂಕಾಲು ಸೆಂಟಿಮೀಟರ್ ಬೆಳೀತದೆ. ಸೊಂಟದ ತನಕ ಬರುವ 75 ಸೆಂಟಿಮೀಟರ್ ಜಡೆಯ ತುದಿ ಕಡಿಮೆಯೆಂದರೂ ಐದು ವರ್ಷ ಹಳೆಯದ್ದು. ವಾರಕ್ಕೆ ಎರಡು ಸಲ ತಲೆಗೆ ಮಿಂದರೂ 520 ಸಲ ನೆನೆದು ಒಣಗಿದ್ದು, ಐದು ಮಳೆಗಾಲ ಕಂಡದ್ದು. ಅದರೊಳಗೆ ರಕ್ತ ಇಲ್ಲ, ಜೀವ ಇಲ್ಲ. ಹರಿದ ಜಾಗವನ್ನು ಅದು ತಾನೇ ಹೊಲಿದುಕೊಳ್ಳುವುದಿಲ್ಲ. ಸೀರೆಯ ಅಂಚು ಸವೆದರೆ ನಾವು ಸೀರೆಗೆ ಟಾನಿಕ್ ಕುಡಿಸ್ತೇವಾ? ಮೆಲ್ಲ ಒಗೀತೇವೆ, ನೆರಳಲ್ಲಿ ಹರವುತ್ತೇವೆ. ಕೂದಲಿನ ವಿಷಯದಲ್ಲಿ ಮಾತ್ರ ಎಳೆದು ಹಿಂಡಿ ಗಂಟು ಕಟ್ಟಿ, ಮತ್ತೆ ಬಾಟಲಿ ತರ್ಲಿಕ್ಕೆ ಓಡುವುದು.

ಈಗ ಶಾಲೆಯ ವಿಷಯಕ್ಕೆ ಬರ್ತೇನೆ. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಹಿಂದಿನ ದಿನ ನೆನೆದು ಬಂದ ಮಂಡೆ ವಾಸನೆ ಬರ್ತದೆ ಅಂತ ಬೆಳಿಗ್ಗೆ ಆರಕ್ಕೆ ಮೀಯಿಸುವುದು. ಏಳೂವರೆಗೆ ಬಸ್ಸು. ನಡುವಿನಲ್ಲಿ ತಿಂಡಿ, ಬುತ್ತಿ, ಯೂನಿಫಾರ್ಮ್, ಕೊಡೆ. ಬೈರಾಸಿನಲ್ಲಿ ಗಸಗಸ ಉಜ್ಜಿ, ಸಿಕ್ಕು ಬಿಡಿಸ್ಲಿಕ್ಕೆ ಬುಡದಿಂದ ತುದಿಗೆ ಒಂದೇ ಎಳೆತ, ಮಗು ಬೊಬ್ಬೆ ಹಾಕ್ತದೆ, ಬೆನ್ನಿಗೆ ಒಂದು ಪೆಟ್ಟು, ಎರಡು ಜಡೆ, ಮಡಚಿ ಮೇಲೆ ಕಟ್ಟಿ ರಿಬ್ಬನ್. ಕಿವಿಯ ಹತ್ರ ಚರ್ಮ ಎಳೆದು ಕಣ್ಣು ಸಣ್ಣವಾಗುವಷ್ಟು ಬಿಗಿ. ಬಿಚ್ಚುವುದು ಸಂಜೆ ಐದಕ್ಕೆ. ಬಿಚ್ಚುವಾಗಲೂ ಒಳಗಿನ ಪದರ ಒದ್ದೆ ಇರ್ತದೆ! ಹತ್ತು ಗಂಟೆ ಹಸಿಯಾಗಿಯೇ ಹಿಂಡಿ ಮಡಚಿಟ್ಟ ಕೂದಲು ಅದು.

ಇದನ್ನು ಶಿಸ್ತು ಅಂತ ಹೇಳ್ತಾರೆ. ಡೈರಿಯಲ್ಲಿ ಬರೆದಿರ್ತದೆ: ಎರಡು ಜಡೆ, ಮಡಚಿ ಕಟ್ಟಿರಬೇಕು, ಇಂಥ ಬಣ್ಣದ ರಿಬ್ಬನ್. ಒಂದು ಜಡೆ ಹಾಕಿಕೊಂಡು ಹೋದ ಮಗುವನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸಿದ ಕಥೆ ನಮ್ಮ ಕುಟುಂಬದಲ್ಲೇ ಉಂಟು; ಯಾವ ಶಾಲೆ ಅಂತ ಬೇಡ, ಒಂದು ಶಾಲೆಯ ವಿಷಯ ಇದು ಅಲ್ಲವೇ ಅಲ್ಲ. ಕೇಳಿದರೆ ಹೇನಿನ ಕಾರಣ ಕೊಡ್ತಾರೆ. ಕೂದಲು ಬಿಟ್ಟುಕೊಂಡರೆ ಮಂಡೆಯಿಂದ ಮಂಡೆಗೆ ಹೇನು ಹತ್ತುವುದು ಬೇಗ, ಒಪ್ಪಿದೆ. ಕಟ್ಟುವುದೇ ಬೇಡ ಅಂತ ನಾನು ಹೇಳ್ಲಿಲ್ಲ. ಒಂದು ಸಡಿಲ ಜಡೆ ಹಾಕಿದರೂ ಕೂದಲು ಕಟ್ಟಿದ ಹಾಗೆಯೇ ಆಯಿತಲ್ಲ? ಎರಡೇ ಯಾಕೆ, ಮಡಚಿಯೇ ಯಾಕೆ, ಅಷ್ಟು ಬಿಗಿ ಯಾಕೆ? ಇದಕ್ಕೆ ಇಷ್ಟರ ತನಕ ನನಗೆ ಸಿಕ್ಕಿದ ಉತ್ತರ "ನೋಡ್ಲಿಕ್ಕೆ ಒಂದೇ ಹಾಗೆ ಚಂದ" ಅಂತ. ಯಾರಿಗೆ ಚಂದ?

ನಮ್ಮಿಂದ ದಕ್ಷಿಣಕ್ಕೆ, ಕಾಸರಗೋಡು ಜಿಲ್ಲೆಯಲ್ಲಿ, ಇದೇ ಪ್ರಶ್ನೆಯನ್ನು ಒಬ್ಬ ಶಾಲೆಯ ಹುಡುಗಿ ಕೇಳಿದ್ಲು. ಮನೆಯಲ್ಲಿ ಗೊಣಗಿಕೊಂಡು ಕೂರದೆ ಕೇರಳದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಟ್ಲು. ಬೆಳಿಗ್ಗೆ ಮಿಂದು ಒಣಗದ ಕೂದಲನ್ನು ಎರಡು ಜಡೆ ಹಾಕಿ ಕಟ್ಟಬೇಕಾಗ್ತದೆ, ಕೂದಲು ಹಾಳಾಗ್ತದೆ, ವಾಸನೆ ಬರ್ತದೆ ಅಂತ. ಆಯೋಗ ಆ ಮಾತನ್ನು ಒಪ್ಪಿತು. 2016ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯಿಂದ ಶಾಲೆಗಳಿಗೆ ಸೂಚನೆ ಹೋಯಿತು: ಕೂದಲು ಒಪ್ಪವಾಗಿ ಕಟ್ಟಿಕೊಂಡು ಬನ್ನಿ ಅಂತ ಹೇಳಬಹುದು, ಎರಡು ಜಡೆ ಹಾಕಲೇಬೇಕು ಅಂತ ಒತ್ತಾಯ ಮಾಡಬಾರದು. ಅಲ್ಲಿಯೂ ಇದೇ ಮಳೆ, ಇದೇ ಬಸ್ಸು, ಇದೇ ಎಣ್ಣೆ. ಅಲ್ಲಿನ ಮಕ್ಕಳು ಶಿಸ್ತು ಬಿಟ್ಟು ಹಾಳಾದ ಸುದ್ದಿ ನಾನಂತೂ ಕೇಳಲಿಲ್ಲ.

ಬಿಗಿಯ ವಿಷಯ ಇನ್ನೂ ಒಂದು ಉಂಟು, ಇದು ಕೂದಲು ತುಂಡಾಗುವುದಕ್ಕಿಂತಲೂ ದೊಡ್ಡದು. ವರ್ಷಗಟ್ಟಲೆ ಬಿಗಿದು ಕಟ್ಟಿದರೆ ಹಣೆಯ ಎರಡೂ ಬದಿ, ಕಿವಿಯ ಮೇಲೆ ಕೂದಲು ತೆಳುವಾಗ್ತಾ ಹಿಂದೆ ಹಿಂದೆ ಸರೀತದೆ. ಚರ್ಮದ ಡಾಕ್ಟ್ರುಗಳು ಇದಕ್ಕೆ ಟ್ರಾಕ್ಷನ್ ಅಲೊಪೀಶಿಯ ಅಂತ ಹೇಳ್ತಾರೆ. ಬೇಗ ಗೊತ್ತಾಗಿ ಸಡಿಲ ಬಿಟ್ಟರೆ ವಾಪಸು ಬರ್ತದೆ. ಹಾಗೇ ಮುಂದುವರಿಸಿದರೆ ಬುಡವೇ ಸತ್ತು ಹೋಗ್ತದೆ, ಮತ್ತೆ ಯಾವ ಮದ್ದೂ ಹತ್ತುವುದಿಲ್ಲ. ಮಗು "ಅಮ್ಮ ನೋವಾಗ್ತದೆ" ಅಂತ ಹೇಳುವಾಗ "ಸುಮ್ಮನಿರು" ಅನ್ನುವ ಬದಲು ಒಂದು ಸುತ್ತು ಬಿಚ್ಚಿ. ನೋವಾಗುವ ಜಡೆ ಬಿಗಿ ಜಡೆಯೇ. ಮದುವೆಗೆ ಹೋಗುವಾಗ ಶಂಕರಪುರ ಮಲ್ಲಿಗೆ ಚೆಂಡುಗಟ್ಟಲೆ ಜಡೆಗೆ ನೇತು ಹಾಕುವುದಕ್ಕೆ ನನ್ನ ತಕರಾರಿಲ್ಲ, ಅದು ವರ್ಷಕ್ಕೆ ನಾಲ್ಕು ದಿನ. ಅದನ್ನೂ ಬೇಡ ಅಂದರೆ ನೆರೆಕರೆಯ ಮಲ್ಲಿಗೆ ಗಿಡದವರು ನನ್ನನ್ನು ಮನೆಗೆ ಸೇರಿಸ್ಲಿಕ್ಕಿಲ್ಲ.

ಶಾಲೆಯವರಿಗೆ ಬೈದಾಯಿತು. ಈಗ ಮನೆ.

ನಮ್ಮ ಬಹಳ ಮನೆಗಳಲ್ಲಿ ಮೀಯದೆ ಅಡುಗೆ ಕೋಣೆಗೆ ಕಾಲಿಡುವ ಹಾಗಿಲ್ಲ. ಹಬ್ಬ, ಶುಕ್ರವಾರ, ಸಂಕ್ರಾಂತಿ ಅಂದ್ರೆ ತಲೆಗೇ ಮೀಯಬೇಕು. ಮಿಂದು ಬಂದ ಕೂಡಲೇ ಒಲೆ ಮುಂದೆ. ಒದ್ದೆ ಕೂದಲನ್ನು ಬೈರಾಸಿನೊಟ್ಟಿಗೆ ತಿರುಪಿ ಮೇಲೆ ಸಿಕ್ಕಿಸುವುದು, ಆಮೇಲೆ ಬೈರಾಸು ತೆಗೆದು ಹಾಗೇ ಒಂದು ಗಂಟು. ಹತ್ತು ಗಂಟೆಗೆ ತಿಂಡಿ ಮುಗಿಯುವಾಗ ಗಂಟು ಹಾಗೇ ಉಂಟು, ಮಧ್ಯಾಹ್ನ ಊಟ ಬಡಿಸುವಾಗಲೂ ಉಂಟು. ರಾತ್ರಿ ಮಲಗುವಾಗ ಬಿಚ್ಚಿ ಮೂಸಿ ನೋಡಿ, ಎಂತ ವಾಸನೆ ಅಂತ ನಿಮಗೇ ಗೊತ್ತುಂಟು.

ಹಿರಿಯರ ಹತ್ರ ಹೇಳಿದರೆ, "ನಮ್ಮ ಕಾಲದಲ್ಲಿ ನಾವು ಮೀಯಲಿಲ್ಲವಾ? ನಮ್ಮ ಕೂದಲು ಇತ್ತಲ್ಲ!" ಅಂತಾರೆ. ಇತ್ತು. ಆದರೆ ಹೇಗೆ ಮೀಯುತ್ತಿದ್ದರು ಅಂತ ಪೂರ್ತಿ ಹೇಳಬೇಕಲ್ಲ? ಕಾರ್ಕಳದ ನನ್ನ ಅಜ್ಜಿ ಮನೆಯಲ್ಲಿ ಹೆಂಗಸರ ಎಣ್ಣೆ ಸ್ನಾನ ಅಂದರೆ ಅದು ಅರ್ಧ ದಿನದ ಕಾರ್ಯಕ್ರಮ. ಬೆಳಿಗ್ಗೆ ಎಣ್ಣೆ ಹಚ್ಚಿ ಕೂರುವುದು. ದಾಸವಾಳದ ಎಲೆ ಕಿವುಚಿ ಗೊಂಪು ಮಾಡುವುದು. ಬಚ್ಚಲು ಒಲೆಯ ಹಂಡೆ ನೀರಿನಲ್ಲಿ ಮೀಯುವುದು. ಗೊಂಪು ಅಂದರೆ ಲೋಳೆ, ಕೂದಲಿನಿಂದ ಕೂದಲು ಜಾರಿಕೊಂಡು ಸಿಕ್ಕು ತಾನೇ ಬಿಡ್ತಿತ್ತು. ಈಗ ಬಾಟಲಿಯಲ್ಲಿ ಕಂಡೀಶನರ್ ಅಂತ ಬರುವುದೂ ಅದೇ ಕೆಲಸಕ್ಕೆ. ಮತ್ತೆ ಅಂಗಳದಲ್ಲಿ ಬಿಸಿಲಿಗೆ ಬೆನ್ನು ಹಾಕಿ ಕೂತು, ಬೆರಳಿನಲ್ಲೇ ಬಿಡಿಸಿಕೊಂಡು, ಮಳೆಗಾಲವಾದ್ರೆ ಬಚ್ಚಲು ಒಲೆಯ ಬಿಸಿಗೆ, ಧೂಪದ ಹೊಗೆಗೆ ಹರವಿಕೊಂಡು, ಪೂರ್ತಿ ಒಣಗಿದ ಮೇಲೆ ಸಡಿಲ ಜಡೆ. ಆ ಕ್ರಮದಲ್ಲಿ ನಾವು ಉಳಿಸಿಕೊಂಡದ್ದು ವಾರ ಮಾತ್ರ. ಮಂಗಳವಾರ ಶುಕ್ರವಾರ ಬಿಡ್ಲಿಕ್ಕಿಲ್ಲ, ಅಂಗಳ ಬಿಟ್ಟೆವು, ಬಿಸಿಲು ಬಿಟ್ಟೆವು, ಕೂತುಕೊಳ್ಳುವುದನ್ನು ಬಿಟ್ಟೆವು.

ಹಳೇ ಕಾಲ ಎಲ್ಲಾ ಚಂದ ಅಂತ ಹೇಳುವವಳು ನಾನಲ್ಲ. ಅದೇ ಮನೆಯಲ್ಲಿ ಅತ್ತೆಯಂದಿರು, ಹೆಣ್ಣುಮಕ್ಕಳು ಅಂಗಳದಲ್ಲಿ ಕೂತಾಗ ದೊಡ್ಡ ಸೊಸೆ ಅಡುಗೆ ಕೋಣೆಯಲ್ಲಿದ್ಲು. ಎಲ್ಲರಿಗಿಂತ ಮೊದಲು ಕತ್ತಲೆಯಲ್ಲಿ ಮಿಂದು, ಒದ್ದೆ ಗಂಟಿನಲ್ಲೇ ಇಪ್ಪತ್ತು ಜನರ ಗಂಜಿ ಬೇಯಿಸಿದವಳು. ನಲವತ್ತು ದಾಟುವಾಗ ಅವಳ ತುರುಬು ಅಡಿಕೆಯಷ್ಟಾಗಿತ್ತು. "ಅವಳದ್ದು ಕೂದಲಿನ ಜಾತಿಯೇ ಹಾಗೆ" ಅಂತ ಮನೆಯವರು ಹೇಳ್ತಿದ್ರು. ಮದುವೆಯ ಫೋಟೋದಲ್ಲಿ ಅವಳ ಜಡೆ ಮೊಣಕಾಲಿಗೆ ಬರ್ತದೆ. ಪುರ್ಸೊತ್ತು ಇದ್ದವರ ಕೂದಲು ಉಳಿಯಿತು, ಇಲ್ಲದವರದ್ದು ಹೋಯಿತು. ಈಗ ಮನೆಯ ಎಲ್ಲ ಹೆಂಗಸರೂ ಆ ದೊಡ್ಡ ಸೊಸೆಯ ಹಾಗೆಯೇ ಆಗಿದ್ದೇವೆ, ವ್ಯತ್ಯಾಸ ಅಷ್ಟೇ.

ತಲೆಗೆ ಮೀಯುವುದನ್ನು ಬೆಳಿಗ್ಗೆಯಿಂದ ಬೇರೆ ಹೊತ್ತಿಗೆ ಹಾಕಿದರೆ ಯಾವ ದೇವರೂ ಕೋಪ ಮಾಡ್ಲಿಕ್ಕಿಲ್ಲ. ಮೈಗೆ ಮಿಂದು ಅಡುಗೆಗೆ ಬನ್ನಿ, ತಲೆಗೆ ಮಧ್ಯಾಹ್ನ ಮೀಯಿರಿ. ಮಕ್ಕಳಿಗೆ ಶನಿವಾರ ಮಧ್ಯಾಹ್ನ, ಬುಧವಾರ ಸಂಜೆ ಶಾಲೆಯಿಂದ ಬಂದ ಕೂಡಲೇ. "ಸಂಜೆ ಮಿಂದರೆ ಶೀತ ಆಗ್ತದೆ" ಅಂತ ಅತ್ತೆ ಹೇಳ್ತಾರೆ. ಒದ್ದೆ ಮಂಡೆಯಲ್ಲಿ ಹತ್ತು ಗಂಟೆ ಶಾಲೆಯಲ್ಲಿ ಕೂತರೆ ಆಗದ ಶೀತ, ಸಂಜೆ ಒಂದು ಗಂಟೆ ಫ್ಯಾನಿನಡಿ ಕೂತರೆ ಆಗ್ತದಾ ಅತ್ತೆ?

ಒಣಗಿಸುವ ಮೆಶಿನಿಗೆ ಹೆದರುವವರು ಇದ್ದಾರೆ, ಬಿಸಿ ಗಾಳಿಗೆ ಕೂದಲು ಸುಡ್ತದೆ ಅಂತ. ಕೊರಿಯಾದಲ್ಲಿ 2011ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ರು. ಹತ್ತಿರ ಹಿಡಿದು ಜೋರು ಬಿಸಿ ಕೊಟ್ಟಾಗ ಹೊರಗಿನ ಹುರುಪೆ ಹಾಳಾಯಿತು, ಅದು ಸರಿ. ಆದರೆ ಗಾಳಿಗೆ ಬಿಟ್ಟು ತುಂಬ ಹೊತ್ತು ಒದ್ದೆಯಾಗಿಯೇ ಇದ್ದ ಕೂದಲಿನಲ್ಲಿ ಒಳಗಿನ ಪದರಗಳನ್ನು ಅಂಟಿಸಿ ಹಿಡಿಯುವ ಭಾಗ ಹಾಳಾದದ್ದು ಕಂಡಿತು. 15 ಸೆಂಟಿಮೀಟರ್ ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸ್ತಾ ಇದ್ದರೆ ಹಾನಿ ಕಡಿಮೆ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಸಣ್ಣ ಸ್ಕೇಲ್ ಸರಿಯಾಗಿ 15 ಸೆಂಟಿಮೀಟರ್, ಒಮ್ಮೆ ಅಳತೆ ನೋಡಿಕೊಳ್ಳಿ. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಕೂದಲು ತಾನೇ ಒಣಗ್ತದೆ ಅಂತ ಬಿಟ್ಟರೆ ಹೇಗೆ? ಇಸ್ತ್ರಿ ಪೆಟ್ಟಿಗೆಯ ಹಾಗಿನ ಸ್ಟ್ರೈಟ್ನರ್ ಬೇರೆ, ಅದನ್ನು ಒದ್ದೆ ಕೂದಲಿಗೆ ಇಟ್ಟರೆ ಒಳಗಿನ ನೀರು ಆವಿಯಾಗಿ ಗುಳ್ಳೆ ಏಳ್ತದೆ, ಗುಳ್ಳೆ ಎದ್ದಲ್ಲಿ ತುಂಡು.

ಸ್ಟ್ರೈಟ್ನರ್ ಅಂದಾಗ ಪಾರ್ಲರಿನ ಮಾತು ಬಂತು. ಕೂದಲು ತುಂಡಾಗಿ ಆಗಿ ತುದಿ ಹಾರಾಡ್ಲಿಕ್ಕೆ ಶುರುವಾದ ಮೇಲೆ ನಮ್ಮ ಹುಡುಗಿಯರು ಹೋಗುವುದು ಅಲ್ಲಿಗೇ. ಅವರನ್ನು ಕಳಿಸುವವರು ಯಾರು? ನಾವೇ. ಸೀಮಂತಕ್ಕೋ ಗೃಹಪ್ರವೇಶಕ್ಕೋ ಹೋದರೆ ಮೊದಲ ಮಾತು, "ಎಂತ ಇದು, ಜಡೆ ಇಲಿ ಬಾಲದ ಹಾಗೆ ಆಗಿದೆ!" ಮಗು ಎಂತ ಓದ್ತಾ ಉಂಟು ಅಂತ ಆಮೇಲೆ ಕೇಳುವುದು. ನಾದಿನಿಯ ಮಗಳು ಮಣಿಪಾಲದ ಒಂದು ಕಡೆ ಕೆರಟಿನ್ ಮಾಡಿಸಿಕೊಂಡು ಬಂದ್ಲು, ಅಣ್ಣನ ಮದುವೆಗೆ ಎರಡು ವಾರ ಮೊದಲು. ಕಣ್ಣು ಉರಿದು ನೀರು ಸುರಿದರೂ "ಸ್ವಲ್ಪ ಹಾಗೆ ಆಗ್ತದೆ ಮೇಡಂ" ಅಂದ್ರಂತೆ. ಮೂರು ತಿಂಗಳು ರೇಷ್ಮೆಯ ಹಾಗೆ ಇತ್ತು. ನಾಲ್ಕನೇ ತಿಂಗಳಿಗೆ ಬುಡದ ಹತ್ರವೇ ಮುರಿದು ಬರ್ಲಿಕ್ಕೆ ಶುರುವಾಯಿತು.

ಕೆರಟಿನ್ ಅಂತ ಹೆಸರಿದ್ದ ಮಾತ್ರಕ್ಕೆ ಅದು ಕೂದಲಿಗೆ ಊಟ ಅಲ್ಲ. ಅಂಥ ಹಲವು ದ್ರಾವಣಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡ್ತವೆ. ಕಾಲೇಜಿನ ಲ್ಯಾಬಿನಲ್ಲಿ ಸತ್ತ ಕಪ್ಪೆಯನ್ನು ಕೆಡದ ಹಾಗೆ ಇಡುವ ಫಾರ್ಮಾಲಿನ್ ಉಂಟಲ್ಲ, ಅದೇ ಬಳಗ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದನ್ನು ಹಾಕಿ 200 ಡಿಗ್ರಿಗೂ ಹೆಚ್ಚಿನ ಬಿಸಿಯಲ್ಲಿ ಎಳೆಯುವುದು. "ನಮ್ಮದು ಫಾರ್ಮಾಲಿನ್ ಇಲ್ಲದ್ದು" ಅಂತ ಹೇಳಿ ಇನ್ನೊಂದು ಹಾಕ್ತಾರೆ, ಗ್ಲೈಆಕ್ಸಿಲಿಕ್ ಆಸಿಡ್. 2024ರಲ್ಲಿ ಫ್ರಾನ್ಸಿನ ಡಾಕ್ಟರುಗಳು ಬರೆದ ಒಂದು ವರದಿ ಉಂಟು: 26 ವರ್ಷದ ಹುಡುಗಿ, ಮೂರು ಸಲ ಇಂಥದ್ದು ಹಾಕಿ ಕೂದಲು ನೇರ ಮಾಡಿಸಿದ್ಲು, ಮೂರೂ ಸಲ ಮೂತ್ರಪಿಂಡಕ್ಕೆ ಪೆಟ್ಟಾಯಿತು. ಮಂಡೆಗೆ ಹಚ್ಚಿದ್ದು, ಕಿಡ್ನಿಗೆ ಹೋಯಿತು. ಇನ್ನು ಮುಂದೆ ಯಾರ ಮಗಳ ಜಡೆಯ ಬಗ್ಗೆ ಮಾತಾಡುವ ಮೊದಲು ಇದೊಂದು ನೆನಪಿರಲಿ.

ಎಣ್ಣೆ ಕೇಳಿದವರಿಗೆ ಈಗ ಎಣ್ಣೆ. ತೆಂಗಿನೆಣ್ಣೆ ಸಾಕು. ಗಾಣದ್ದು, ಅಡುಗೆಗೆ ತರುವುದೇ. 2003ರಲ್ಲಿ ಇಬ್ಬರು ಭಾರತೀಯ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಮೂರನ್ನೂ ಹಚ್ಚಿ ನೋಡಿದ್ರು. ಮೀಯುವಾಗ ಕೂದಲಿನಿಂದ ತೊಳೆದು ಹೋಗುವ ಪ್ರೋಟೀನನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಒಂದೇ. ಅದರ ಲಾರಿಕ್ ಆಸಿಡ್ ಸಣ್ಣದು, ನೇರ, ಕೂದಲಿನ ಒಳಗೆ ಹೋಗಿ ಕೂರ್ತದೆ, ನೀರು ಕುಡಿದು ಉಬ್ಬುವುದನ್ನು ತಡೀತದೆ. ಮೀಯುವ ಮೊದಲು ಹಚ್ಚಿದರೂ ಇದರ ಪ್ರಯೋಜನ ಉಂಟು. ಅಜ್ಜಿಯಂದಿರು ಎಣ್ಣೆ ಹಚ್ಚಿ ಮಿಂದದ್ದು ಸುಮ್ಮನೆ ಅಲ್ಲ. ನಾವು ಮಿಂದು ಬಂದ ಮೇಲೆ ಒದ್ದೆ ಮಂಡೆಗೆ ಎಣ್ಣೆ ಸುರಿದು, ಬುಡಕ್ಕೆ ತಿಕ್ಕಿ, ಬಿಗಿದು ಕಟ್ಟುತ್ತೇವೆ. ತಲೆಹೊಟ್ಟು ಇದ್ದವರಿಗೆ ಬುಡದಲ್ಲಿ ಎಣ್ಣೆ ನಿಲ್ಲಿಸಿದರೆ ಹೊಟ್ಟಿನ ಶಿಲೀಂಧ್ರಕ್ಕೆ ಊಟ ಹಾಕಿದ ಹಾಗೆ. ಎಣ್ಣೆ ಬೇಕಾದ್ದು ಉದ್ದಕ್ಕೆ, ತುದಿಗೆ.

ಇದೇ ತೆಂಗಿನೆಣ್ಣೆ ಅಡುಗೆಯದ್ದಾ ಮಂಡೆಯದ್ದಾ ಅಂತ ತೆರಿಗೆಯವರಿಗೂ ಕಂಪೆನಿಯವರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆದು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಸಣ್ಣ ಪ್ಯಾಕಿನಲ್ಲಿ ಇದ್ದ ಮಾತ್ರಕ್ಕೆ ಅದು ಕೇಶತೈಲ ಆಗುವುದಿಲ್ಲ, ಕೂದಲಿಗೆ ಅಂತ ಬರೆದು ಮಾರಿದರೆ ಮಾತ್ರ ಆಗ್ತದೆ. ನಮ್ಮ ಅಡುಗೆ ಕೋಣೆಯ ಡಬ್ಬಿಗೆ ಇದು ಮೊದಲೇ ಗೊತ್ತಿತ್ತು. ಒಗ್ಗರಣೆಗೂ ಅದೇ, ಜಡೆಗೂ ಅದೇ.

ಬುಡದಿಂದಲೇ ಗುಂಡು ಸಮೇತ ಮುಷ್ಟಿ ಮುಷ್ಟಿ ಉದುರುವುದಾದರೆ ನಾನು ಮೇಲೆ ಹೇಳಿದ್ದು ಎಂತದೂ ಅದಕ್ಕೆ ಮದ್ದಲ್ಲ. ಹೆರಿಗೆ ಆಗಿ, ಡೆಂಗ್ಯೂ ಹಾಗಿನ ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ಹಾಗೆ ಉದುರುವುದುಂಟು, ಹೆಚ್ಚಾಗಿ ತಾನೇ ನಿಲ್ತದೆ. ನಿಲ್ಲದಿದ್ದರೆ ಥೈರಾಯ್ಡ್, ರಕ್ತದಲ್ಲಿ ಕಬ್ಬಿಣ ನೋಡಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ರಕ್ತಹೀನತೆ. ಎಲ್ಲರಿಗೂ ಬಡಿಸಿ ಕೊನೆಗೆ ತಳದ ಸಾರು ಕಲಸಿ ಉಣ್ಣುವವರ ಲೆಕ್ಕ ಅದು. ಮೀನಿನ ನಡು ತುಂಡು ಒಂದು ನಿಮ್ಮ ಬಟ್ಟಲಿಗೂ ಹಾಕಿಕೊಳ್ಳಿ, ಮೀನು ತಿನ್ನದವರು ಹುರುಳಿ, ಹರಿವೆ, ನುಗ್ಗೆ ಸೊಪ್ಪು. ಮೆಡಿಕಲ್‌ನಲ್ಲಿ ಕೇಳಿ ತಂದು ನುಂಗುವ ಬಯೋಟಿನ್ ಮಾತ್ರೆ ಬೇಡ. ಅದು ಹೆಚ್ಚಾದರೆ ಥೈರಾಯ್ಡ್ ಪರೀಕ್ಷೆ, ಹೃದಯದ ಪರೀಕ್ಷೆಯ ರಿಪೋರ್ಟ್ ತಪ್ಪು ಬರ್ತದೆ ಅಂತ ಅಮೆರಿಕದ ಔಷಧ ಇಲಾಖೆ 2017ರಲ್ಲೇ ಎಚ್ಚರಿಸಿದೆ. ತಗೊಳ್ತಾ ಇದ್ದರೆ ರಕ್ತ ಕೊಡುವ ಮೊದಲು ಡಾಕ್ಟ್ರಿಗೆ ಹೇಳಿ.

ಮತ್ತೆ ಉಳಿದದ್ದು ಸಣ್ಣ ಸಣ್ಣ ವಿಷಯ. ಬೈರಾಸಿನಲ್ಲಿ ಉಜ್ಜುವುದಲ್ಲ, ಒತ್ತುವುದು. ಗಂಡನ ಹಳೇ ಹತ್ತಿ ಬನಿಯನ್ ಬೈರಾಸಿಗಿಂತಲೂ ಒಳ್ಳೇದು. ಅಗಲ ಹಲ್ಲಿನ ಬಾಚಣಿಗೆ, ಮೊದಲು ತುದಿ, ಆಮೇಲೆ ನಡು, ಕೊನೆಗೆ ಬುಡ. ಬರೀ ರಬ್ಬರ್ ಬ್ಯಾಂಡ್ ಬೇಡ, ಬಟ್ಟೆ ಸುತ್ತಿದ್ದು ಹಾಕಿ. ಕವಲೊಡೆದ ತುದಿಯನ್ನು ಒಂದು ಇಂಚು ಕತ್ತರಿಸಿ ಬಿಡಿ, ಅದು ಕೂಡುವುದಿಲ್ಲ, ಮೇಲೆ ಮೇಲೆ ಸೀಳ್ತಾ ಹೋಗ್ತದೆ. ಉದ್ದ ಹೋಯಿತು ಅಂತ ಅಳಬೇಡಿ, ಒಂದು ಇಂಚು ಅಂದರೆ ಎರಡು ತಿಂಗಳ ಬೆಳೆ.

ಇನ್ನೊಂದು ಕೆಲಸ ಉಂಟು. ಬರುವ ಶನಿವಾರ ಮಧ್ಯಾಹ್ನ ಎರಡೂವರೆಗೆ ನಮ್ಮ ಮಕ್ಕಳ ಶಾಲೆಯಲ್ಲಿ ಪೋಷಕರ ಸಭೆ. ಅರ್ಜಿ ಬರೆದಿದ್ದೇನೆ, ಅರ್ಧ ಪುಟ. ಜೂನ್‌ನಿಂದ ಸೆಪ್ಟೆಂಬರ್ ತನಕವಾದ್ರೂ ಎರಡು ಜಡೆಯ ಒತ್ತಾಯ ಬೇಡ, ಒಂದು ಸಡಿಲ ಜಡೆಗೆ ಅವಕಾಶ ಕೊಡಿ, ನೆನೆದು ಬಂದ ಮಕ್ಕಳು ಮೊದಲ ಪೀರಿಯಡ್‌ನಲ್ಲಿ ಕೂದಲು ಬಿಚ್ಚಿ ಒಣಗಿಸಿಕೊಳ್ಳಲಿ ಅಂತ. ಕಾಸರಗೋಡಿನ ವಿಷಯವನ್ನೂ ಸೇರಿಸಿದ್ದೇನೆ. ಇಷ್ಟರ ತನಕ ಆರು ಜನ ಸಹಿ ಹಾಕಿದ್ದಾರೆ, ಅದರಲ್ಲಿ ಇಬ್ಬರು ಅಪ್ಪಂದಿರು. ಕಾರ್ಕಳದವರು, ಮಣಿಪಾಲದವರು ನಿಮ್ಮ ಶಾಲೆಗೂ ಇದನ್ನೇ ನಕಲು ಮಾಡಿ ಕೊಡಿ, ನನ್ನ ಹೆಸರು ಬೇಕಾಗಿಲ್ಲ. ಇಲ್ಲಿಯವರು ಶನಿವಾರ ಊಟದ ಪಾತ್ರೆ ಹಾಗೇ ಬಿಟ್ಟು ಬನ್ನಿ. ಬಂದ ಮೇಲೆ ತೊಳೆದರಾಯಿತು, ಅಥವಾ ಮನೆಯಲ್ಲಿ ಇದ್ದವರು ತೊಳೆಯಲಿ.